ಅಲುಗಾಡಿದರೆ ಕೆಡದ ಕ್ಯಾಮೆರಾ

ಈಶಾನಿ, ಅರ್ಣವ್, ಈ ಹಾಳೆಗಳನ್ನು ನೀವಿಬ್ಬರೇ ಓದಬೇಕು, ಅವಸರ ಮಾಡದೆ ಓದಬೇಕು. ಕೊರೊನಾದ ವರ್ಷ ಎಲ್ಲರೂ ಮನೆಯೊಳಗೆ ಕೂತಿದ್ದಾಗ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಿಮಗೆ ಕನ್ನಡ ಅಕ್ಷರ ತಿದ್ದಿಸಿದ್ದೆ. ಅದಕ್ಕೇ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ಒತ್ತಕ್ಷರ ಬಂದಲ್ಲಿ ಅರ್ಣವ್ ಎಡವಿದರೆ ಈಶಾನಿ ಹೇಳಿಕೊಡಲಿ. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಮಾತ್ರ. ತಪ್ಪಿದ್ದರೆ ನಗಬೇಡಿ. ನಕ್ಕರೂ ಪರವಾಗಿಲ್ಲ, ನನ್ನ ಮುಂದೆ ನಗಬೇಡಿ.

ಹೋದ ತಿಂಗಳು ಈಶಾನಿ ಅಡುಗೆಮನೆಯ ಮೇಲಿನ ಮಾಳಾದಿಂದ, ಅಂದರೆ ಅಟ್ಟದಿಂದ, ನಿಮ್ಮ ಅಜ್ಜನ ಹಳೆಯ ಹ್ಯಾಂಡಿಕ್ಯಾಮ್ ಇಳಿಸಿದಳು. ಈಗಿನ ಹುಡುಗಿಯರಿಗೆ ಹಳೆಯ ಕ್ಯಾಮೆರಾ ಅಂದರೆ ಫ್ಯಾಶನ್ ಅಂತೆ, ಅದರ ಮಸುಕು ಬಣ್ಣವೇ ಚೆಂದವಂತೆ. ಅದರ ಚೀಲದಲ್ಲಿದ್ದ ಟೇಪುಗಳನ್ನೆಲ್ಲ ಯಾವುದೋ ಅಂಗಡಿಗೆ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದಳು. ಮೊದಲನೆಯ ಟೇಪಿನ ಮೊದಲ ಎರಡು ನಿಮಿಷದಲ್ಲಿ ಒಬ್ಬ ಹೆಂಗಸು ಅಂಗಡಿಯೊಂದರಲ್ಲಿ ನಿಂತಿದ್ದಾಳೆ. ಹಸಿರು ಇಳಕಲ್ ಸೀರೆ. ಬಲಗೈಯನ್ನು ಮುಖದ ಮುಂದೆ ಎತ್ತುತ್ತಾಳೆ, ಇಳಿಸುತ್ತಾಳೆ, ಮತ್ತೆ ಎತ್ತುತ್ತಾಳೆ. ಹಿಂದಿನಿಂದ ಒಬ್ಬ ಗಂಡಸಿನ ದನಿ "ಹಿಲೋ ಭಾಭೀ, ಹಿಲೋ" ಅನ್ನುತ್ತಿದೆ. ಹೆಂಗಸಿನ ಕಣ್ಣಿಂದ ನೀರು ಸುರಿಯುತ್ತಿದೆ.

"ಅಜ್ಜಿ, ಯೇ ತೂ ಹೈ ನಾ? ದುಕಾನ್‌ದಲ್ಲಿ ಯಾಕೆ ಅಳ್ತಾ ಇದ್ದಿ? ಆ ಅಂಕಲ್ ಏನಾದ್ರೂ ಬೋಲಾ ಕ್ಯಾ?" ಅಂತ ಈಶಾನಿ ಕೇಳಿದಳು.

"ಇಲ್ಲವ್ವಾ, ಟ್ಯೂಬ್‌ಲೈಟ್ ಕಣ್ಣಿಗೆ ಹೊಡೀತಿತ್ತು" ಅಂದೆ.

ಅದು ಸುಳ್ಳು. ಎದುರಿಗೆ ಕೂತು ಕೇಳಿದರೆ ನನಗೆ ನಿಜ ಹೇಳಲು ಬರುವುದಿಲ್ಲ. ಚಿಕ್ಕಂದಿನಿಂದಲೂ ಹಾಗೇ. ಅಂಗಡಿಯಲ್ಲಿ ನಾನು ಯಾಕೆ ಅತ್ತೆ ಅನ್ನುವುದಕ್ಕೆ ಉತ್ತರ ಘಾಟ್ಕೋಪರದ ಆ ಅಂಗಡಿಯಲ್ಲಿಲ್ಲ, ನಾನು ಬೆಳೆದ ಮನೆಯಲ್ಲಿದೆ. ಆ ಮನೆ ಈಗ ಇಲ್ಲ. ಅದರಿಂದ ಉಳಿದದ್ದು ನಮ್ಮ ಹಾಲಿನ ಗೋಡೆಯ ಮೇಲಿರುವ ಒಂದೇ ಫೋಟೋ. ನನ್ನ ಅವ್ವನ ಫೋಟೋ. ನೀವಿಬ್ಬರೂ ಪರೀಕ್ಷೆಗೆ ಹೋಗುವಾಗ ಕೈಮುಗಿಯುವ ಫೋಟೋ.

ಆ ಮನೆ ವಿಜಾಪುರದ ಕಡೆಯ ಹಳ್ಳಿಯಲ್ಲಿತ್ತು, ನನ್ನ ಅವ್ವನ ತವರು. ಮಣ್ಣಿನ ಮೇಲ್ಮುದ್ದೆಯ ಮಾಳಿಗೆ ಮನೆ, ಗೋಡೆಗಳು ಎರಡು ಮೊಳ ದಪ್ಪ. ಹೊರಗೆ ಎಂಥ ಬಿಸಿಲಿದ್ದರೂ ಒಳಗೆ ತಂಪು, ಎಂಥ ಬೆಳಕಿದ್ದರೂ ಒಳಗೆ ಕತ್ತಲೆ. ಮುಂದೆ ಎತ್ತು ಕಟ್ಟುವ ಜಾಗ, ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಪಡಸಾಲೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಹಗಲೆಲ್ಲ ಅದರಿಂದ ಒಂದು ಬೆಳಕಿನ ಕಂಬ ಇಳಿದು ನೆಲದ ಮೇಲೆ ನಡೆಯುತ್ತಿತ್ತು. ಅದು ಬೀಸುವಕಲ್ಲಿನ ಹತ್ತಿರ ಬಂದರೆ ರೊಟ್ಟಿ ತಟ್ಟುವ ಹೊತ್ತು, ತೊಲೆಬಾಗಿಲ ಹತ್ತಿರ ಹೋದರೆ ದನ ಬರುವ ಹೊತ್ತು. ಮನೆಯಲ್ಲಿ ನಾಲ್ಕು ಜನ: ಅವ್ವನ ಅವ್ವ, ಅವಳನ್ನು ನಾನು ಆಯಿ ಅನ್ನುತ್ತಿದ್ದೆ, ಅವಳ ಮಗ ಅಂದರೆ ನನ್ನ ಸೋದರಮಾವ, ಮಾವನ ಹೆಂಡತಿ ಅಂದರೆ ಅತ್ತಿ, ಮತ್ತೆ ನಾನು. ಅವ್ವ ನನ್ನನ್ನು ಕರೆದುಕೊಂಡು ತವರಿಗೆ ಬಂದವಳು ಮೂರು ದಿನದ ಜ್ವರದಲ್ಲಿ ಅಲ್ಲೇ ತೀರಿಕೊಂಡಳು. ನನಗೆ ಆಗ ಆರು ವರ್ಷ. ಅಪ್ಪ ಬಂದರು, ಮಣ್ಣು ಮಾಡಿದರು, ತಮ್ಮೂರಿಗೆ ಹೋದರು, ಮರುವರ್ಷ ಬೇರೆ ಮದುವೆಯಾದರು. ನಾನು ಆಯಿಯ ಹತ್ತಿರ ಉಳಿದೆ.

ನಮ್ಮ ಕಡೆ ಒಂದು ಪದ್ಧತಿ ಇದೆ, ನಿಮಗೆ ಗೊತ್ತಿಲ್ಲ. ಯಾರಾದರೂ ಹೋದರೆ ಅವರನ್ನು ಮಲಗಿಸಿ ಇಡುವುದಿಲ್ಲ. ಸ್ನಾನ ಮಾಡಿಸಿ, ಹೊಸ ಬಟ್ಟೆ ಉಡಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ ಕೂರಿಸುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಸುತ್ತ ನಿಂತು ಫೋಟೋ ತೆಗೆಸುತ್ತಾರೆ. ಆಗಿನ ಕಾಲದಲ್ಲಿ ಬದುಕಿದ್ದಾಗ ಯಾರು ಫೋಟೋ ತೆಗೆಸುತ್ತಿದ್ದರು? ಎಷ್ಟೋ ಜನರ ಪಾಲಿಗೆ ಅದೇ ಮೊದಲ ಫೋಟೋ, ಅದೇ ಕೊನೆಯದು. ಅವ್ವನನ್ನು ಪಡಸಾಲೆಯಲ್ಲಿ, ಹೆಡ್‌ಮಾಸ್ತರರ ಮನೆಯಿಂದ ತಂದ ಕುರ್ಚಿಯ ಮೇಲೆ ಕೂರಿಸಿದ್ದರು. ಹಿಂದೆ ಮಾವನ ಧೋತರ ಕಟ್ಟಿದ್ದರು. ತಾಲ್ಲೂಕಿನಿಂದ ಫೋಟೋದವನು ಸೈಕಲ್ ಮೇಲೆ ಬಂದ. ಮೂರು ಕಾಲಿನ ಮೇಲೆ ಪೆಟ್ಟಿಗೆ ನಿಲ್ಲಿಸಿ, ಕರಿ ಬಟ್ಟೆಯೊಳಗೆ ತಲೆ ಹಾಕಿ ನೋಡಿ, ಹೊರಗೆ ಬಂದು ಹೇಳಿದ:

"ಬೆಳಕು ಭಾಳ ಕಡಿಮಿ ಐತ್ರಿ. ಐದು ಎಣಸೂತನಕ ಯಾರೂ ಅಲಗ್ಯಾಡಬಾರದು. ನನ್ನ ಹತ್ರ ಉಳದದ್ದು ಒಂದ ಪ್ಲೇಟು."

ನನ್ನನ್ನು ಅವ್ವನ ಬಲಕ್ಕೆ ನಿಲ್ಲಿಸಿದರು. ಆಯಿ ನನ್ನ ಭುಜ ಒತ್ತಿ ಹೇಳಿದಳು:

"ಸಾವಂತ್ರಿ, ಅಲಗ್ಯಾಡಬ್ಯಾಡ. ಉಸಿರ ಬಿಗಿಹಿಡಿ. ಇದೊಂದ ಉಳಿಯೂದು ನೋಡು ನಮಗ."

ಅವನು ಮುಚ್ಚಳ ತೆಗೆದು ಎಣಿಸತೊಡಗಿದ. ಒಂದು, ಎರಡು. ನಾನು ಉಸಿರು ಹಿಡಿದು ನಿಂತಿದ್ದೆ. ಆಗ ಒಂದು ನೊಣ ಬಂತು. ಹಾರದ ಮೇಲೆ ಕೂತಿತು, ಆಮೇಲೆ ಅವ್ವನ ಕೆನ್ನೆಯ ಮೇಲೆ ಕೂತಿತು. ಅವ್ವ ಅದನ್ನು ಓಡಿಸಲಿಲ್ಲ. ಕೆನ್ನೆಯಿಂದ ತುಟಿಯ ಕಡೆ ನಡೆಯತೊಡಗಿತು. ನಾನು ಕೈ ಎತ್ತಿ, ಬೀಸಿ, ಓಡಿಸಿದೆ. ಅಷ್ಟರಲ್ಲಿ ಅವನು ಐದು ಅಂದು ಮುಚ್ಚಳ ಹಾಕಿದ. ಎಲ್ಲರೂ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಯಾರೂ ನನ್ನನ್ನು ನೋಡಲಿಲ್ಲ.

ಎಂಟು ದಿನದ ಮೇಲೆ ಫೋಟೋದವನು ಬಂದ. ತೊಲೆಬಾಗಿಲಲ್ಲೇ ನಿಂತು ಚೀಲ ಬಿಚ್ಚಲು ಹಿಂದೆಮುಂದೆ ನೋಡಿದ. ಫೋಟೋದಲ್ಲಿ ಅವ್ವ ಮಾತ್ರ ಚೊಕ್ಕವಾಗಿ ಬಂದಿದ್ದಳು. ಸೀರೆಯ ದಡಿ, ಮೂಗುತಿ, ಮುಚ್ಚಿದ ರೆಪ್ಪೆ ಎಲ್ಲ ಕಾಣುತ್ತಿತ್ತು. ಅವಳೊಬ್ಬಳೇ ಅಲ್ಲವೇ ಅಲುಗಾಡದೆ ಇದ್ದವಳು. ಅವಳ ಪಕ್ಕದಲ್ಲಿದ್ದ ಹುಡುಗಿಗೆ ಮುಖವೇ ಇರಲಿಲ್ಲ. ಮುಖವಿರಬೇಕಾದಲ್ಲಿ ಹೊಗೆ. ಆ ಹೊಗೆಯಿಂದ ಅವ್ವನ ಕೆನ್ನೆಯವರೆಗೆ ಒಂದು ಬಿಳಿಯ ಮೋಡ, ಹಿಂಜಿದ ಅರಳೆಯ ಹಾಗೆ. ಮಾವ ನೋಡಿದವನೇ ಕೂಗಾಡಿದ.

"ಹಾಳ ಮಾಡಿ ತಂದಿಯಲ್ಲೋ! ಏನಿದು, ಸುಣ್ಣಾ ಬಳದಂಗ ಆಗೇತಿ!"

ಕೈ ಬೀಸಿದ್ದು ನಾನು ಅಂತ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಆಯಿ ಒಳಗಿನಿಂದ ಬಂದು ಫೋಟೋ ಇಸಿದುಕೊಂಡು ಬೆಳಕಿಂಡಿಯ ಕೆಳಗೆ ಹೋಗಿ ನಿಂತಳು. ಬಹಳ ಹೊತ್ತು ನೋಡಿದಳು. ಎಂಟು ದಿನ ಒಂದು ಹನಿ ಕಣ್ಣೀರು ಹಾಕದೆ, ಸರಿಯಾಗಿ ಉಣ್ಣದೆ ಗೋಡೆಗೆ ಒರಗಿ ಕೂತಿದ್ದವಳು ಜೋರಾಗಿ ಅಳತೊಡಗಿದಳು.

"ಕೆಟ್ಟಿಲ್ಲೋ ಯಪ್ಪಾ, ಕೆಟ್ಟಿಲ್ಲ. ಕಣ್ಣ ಬಿಟ್ಟು ನೋಡು. ನನ್ನ ಮಗಳ ಬೆಳಕು ಹೊಂಟೇತಿ. ಹೋಗೂ ಮುಂದ ಕೂಸಿನ ಮುಖಾ ಸವರಿ ಹೊಂಟಾಳ."

ಫೋಟೋದವನು ಕೂಡಲೇ "ಹೌದ್ರಿ ಅಮ್ಮಾರ, ನನಗೂ ಹಂಗ ಕಂಡಿತ್ರಿ" ಅಂದುಬಿಟ್ಟ. ಆ ದಿನ ಆಯಿ ಎರಡು ರೊಟ್ಟಿ ಉಂಡಳು.

ಅಂದಿನಿಂದ ನಾನು ಬೇರೆ ಹುಡುಗಿಯಾದೆ. ಕಟ್ಟು ಹಾಕಿಸಿದ ಫೋಟೋ ಪಡಸಾಲೆಯ ನಡುಗೋಡೆಗೆ ಏರಿತು. ಅಮವಾಸ್ಯೆಗೊಮ್ಮೆ ಊರ ಹೆಂಗಸರು ಹೂವು ಹಿಡಿದು ಬರುತ್ತಿದ್ದರು, ಆ ಬಿಳಿಯ ಮೋಡವನ್ನು ಜ್ಯೋತಿ ಅನ್ನುತ್ತಿದ್ದರು, ಅದರ ಮೇಲೆ, ಗಾಜಿಗೆ, ವಿಭೂತಿ ಹಚ್ಚುತ್ತಿದ್ದರು. ನನ್ನನ್ನು ಅದರ ಕೆಳಗೆ ಮಣೆ ಹಾಕಿ ಕೂರಿಸುತ್ತಿದ್ದರು, ಅವ್ವನ ಬೆಳಕು ಸವರಿದ ಮುಖ ಅಂತ. ಹೋಳಿಗೆಯ ಮೊದಲ ತುಂಡು ನನಗೆ. ಮಕ್ಕಳಾಗದವರು ನನ್ನ ಕೈಯನ್ನು ತಮ್ಮ ತಲೆಯ ಮೇಲೆ ಇಡಿಸಿಕೊಳ್ಳುತ್ತಿದ್ದರು. ಅದೇ ಬಲಗೈ. ಅದರ ಬೆರಳುಗಳನ್ನು ಮಡಿಚಿ ಮುಷ್ಟಿಯಲ್ಲಿ ಮುಚ್ಚಿಡುತ್ತಿದ್ದೆ, ಯಾರಾದರೂ ಗುರುತು ಹಿಡಿದಾರು ಎಂದು. ಶಾಲೆಯಲ್ಲಿ ನನ್ನ ಜೊತೆ ಕುಂಟಾಟ ಆಡುತ್ತಿದ್ದ ಕಮಲಿ ಅನ್ನುವ ಹುಡುಗಿ ಒಂದು ದಿನ ಆಟ ನಿಲ್ಲಿಸಿ ಕೇಳಿದಳು:

"ನಿಮ್ಮವ್ವ ಈಗ ನಿನ್ನ ಮ್ಯಾಲ ಅದಾಳೇನ?"

"ಇಲ್ಲ" ಅಂದೆ.

"ಅದಾಳಂತ. ನಮ್ಮವ್ವ ಹೇಳ್ಯಾಳ ನಿನ್ನ ಮುಟ್ಟಬ್ಯಾಡಂತ. ಸಿಟ್ಟಿಗೆದ್ರ ಕಷ್ಟಂತ."

ಕಮಲಿ ಓಡಿಹೋದಳು. ನೆಲದ ಮೇಲೆ ಗೆರೆಗಳಿದ್ದವು, ಹಂಚಿನ ಬಿಲ್ಲೆ ಇತ್ತು. ಒಬ್ಬಳೇ ಕುಂಟುವುದು ಹೇಗೆ? ಮನೆಗೆ ಬಂದು ಪಡಸಾಲೆಯಲ್ಲಿ ಕೂತೆ. ಹಾಗೆ ಕೂರುವುದು ಅಭ್ಯಾಸವಾಯಿತು. ಬೆಳಕಿನ ಕಂಬ ಬೀಸುವಕಲ್ಲಿನಿಂದ ತೊಲೆಬಾಗಿಲಿಗೆ ಹೋಗುವವರೆಗೂ ಅಲುಗಾಡದೆ ಕೂರಬಲ್ಲವಳಾದೆ. ಬಂದವರು "ಎಷ್ಟು ಶಾಂತ ಕೂಸು!" ಅನ್ನುತ್ತಿದ್ದರು. ನೀವೂ ಅನ್ನುತ್ತೀರಿ, ಅಜ್ಜಿ ಎಷ್ಟು ಕ್ವಾಯೆಟ್ ಅಂತ. ಅದು ಶಾಂತಿಯಲ್ಲ ಮಕ್ಕಳೇ. ಒಮ್ಮೆ ಅಲುಗಾಡಿದ್ದಕ್ಕೆ ಏನಾಯಿತು ಎಂದು ನೋಡಿದವಳು, ಮತ್ತೆ ಅಲುಗಾಡಲು ಹೆದರಿದ್ದಳು, ಅಷ್ಟೇ.

ಅತ್ತಿಗೆ ಮಾತ್ರ ನಂಬಿಕೆ ಇರಲಿಲ್ಲ. ಅಮವಾಸ್ಯೆಗೆ ಬಂದವರಿಗೆಲ್ಲ ಅಡುಗೆ ಮಾಡುವವಳು ಅವಳೇ ತಾನೆ. ನನಗೆ ಒಂಬತ್ತು ವರ್ಷವಿದ್ದಾಗ ಒಂದು ಅಮವಾಸ್ಯೆ, ಮೂರನೆಯ ಸಲ ಒಲೆಯ ಮೇಲೆ ಎಸರು ಏರಿಸಿ, ಬೆವರು ಒರೆಸಿಕೊಳ್ಳುತ್ತ ಒದರಿದಳು:

"ಬೆಳಕಂತ ಬೆಳಕು! ಆ ಹುಡುಗಿ ಕೈ ಎತ್ಯಾಳ, ಫೋಟೋ ಕೆಟ್ಟೇತಿ, ಅಷ್ಟ. ಊರ ಮಂದಿಗೆಲ್ಲ ಹೋಳಿಗಿ ಬಡಿದು ನನ್ನ ರಟ್ಟಿ ಹೋದುವು."

ಆಯಿ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿ ಇಟ್ಟಳು. ಆ ದಿನ ಉಣ್ಣಲಿಲ್ಲ, ಮರುದಿನವೂ ಉಣ್ಣಲಿಲ್ಲ. ಮಾವ ಅತ್ತಿಯನ್ನು ಬೈದ, ಅತ್ತಿ ಕ್ಷಮೆ ಕೇಳಿ ನುಚ್ಚು ಮಜ್ಜಿಗೆ ಕಲಸಿ ತಂದಳು. ಆಯಿ ಮುಖ ಎತ್ತಲಿಲ್ಲ. ಎರಡನೆಯ ದಿನ ಮಧ್ಯಾಹ್ನ ನನ್ನನ್ನು ಹತ್ತಿರ ಕರೆದಳು. ಅವಳ ತುಟಿ ಒಣಗಿ ಸೀಳಿತ್ತು.

"ಸಾವಂತ್ರಿ, ಖರೇ ಹೇಳು. ಅವತ್ತ ನೀ ಕೈ ಎತ್ತಿದ್ದೇನ?"

ಅಡುಗೆಮನೆಯ ಬಾಗಿಲಲ್ಲಿ ಅತ್ತಿ ನಿಂತಿದ್ದಳು. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳ ಮಾತು ನಿಜವಾಗಿತ್ತು, ಅದು ಗೊತ್ತಿದ್ದವಳು ನಾನೊಬ್ಬಳೇ.

"ಇಲ್ಲ ಆಯಿ" ಅಂದೆ.

ಆಯಿ ಮಜ್ಜಿಗೆಯ ತಟ್ಟೆ ಎಳೆದುಕೊಂಡಳು. ಅತ್ತಿ ಒಳಗೆ ಹೋದಳು. ಆ ಮೇಲೆ ಬಹಳ ದಿನ ಅತ್ತಿ ನನಗೆ ರೊಟ್ಟಿ ಬಡಿಸುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಅವಳು ಕೆಟ್ಟವಳಲ್ಲ. ಮೊದಲೆಲ್ಲ ನನ್ನ ತಲೆ ಬಾಚುತ್ತಿದ್ದವಳು ಅವಳೇ, ಸಿಕ್ಕು ಬಿಡಿಸುವಾಗ ನೋಯದ ಹಾಗೆ ಕೂದಲಿನ ಬುಡ ಹಿಡಿದುಕೊಳ್ಳುತ್ತಿದ್ದಳು. ಆಮೇಲಿಂದ ನನ್ನ ತಲೆ ನಾನೇ ಬಾಚಿಕೊಂಡೆ. ಒಂದು "ಇಲ್ಲ" ಅಂದು ಆಯಿಯನ್ನು ಉಳಿಸಿಕೊಂಡೆ, ಅತ್ತಿಯನ್ನು ಕಳೆದುಕೊಂಡೆ.

ಮದುವೆಯಾಗಿ ಮುಂಬಯಿಗೆ ಹೊರಟ ದಿನ ಆಯಿ ತೊಲೆಬಾಗಿಲಲ್ಲಿ ನನ್ನ ಬಲಗೈ ಹಿಡಿದು ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು. ಎಡಗೈ ಅಲ್ಲ, ಬಲಗೈ. ಅವಳಿಗೆ ಗೊತ್ತಿತ್ತೋ ಏನೋ. ಕೇಳುವ ಧೈರ್ಯ ನನಗಿರಲಿಲ್ಲ. ಮುಂದೆ ಅವಳೂ ಹೋದಳು, ಅವಳ ಫೋಟೋಕ್ಕೆ ನಾನು ನಿಲ್ಲಲಿಲ್ಲ, ತಲೆನೋವು ಅಂತ ಹಿತ್ತಿಲಲ್ಲಿ ಕೂತೆ. ಮಾವನ ಮಗ ಮನೆ ಕೆಡವಿಸಿ ಆರ್‌ಸಿಸಿ ಕಟ್ಟಿಸುವಾಗ ಅವ್ವನ ಫೋಟೋವನ್ನು ಬೆಡ್‌ಶೀಟಿನಲ್ಲಿ ಸುತ್ತಿ ರೈಲಿನಲ್ಲಿ ತಂದುಕೊಟ್ಟ. "ಅಕ್ಕಾ, ಇದು ನಿಮ್ಮ ಜ್ಯೋತಿ, ನಿಮ್ಮ ಹತ್ರ ಇರಲಿ" ಅಂದ. ಹಾಗೆ ಅದು ನಮ್ಮ ಬಿಲ್ಡಿಂಗಿನ ಮೂರನೆಯ ಮಹಡಿಗೂ ಬಂತು. ನಮ್ಮ ಕಡೆಯ ಜನ ಇಲ್ಲಿಗೂ ಬಂದು ಕೈಮುಗಿದು ಹೋಗತೊಡಗಿದರು.

ಈಗ ಕ್ಯಾಮೆರಾದ ಮಾತು. ಈಶಾನಿ, ನೀನು ಹುಟ್ಟಿದ ವರ್ಷ ಅದು. ನಿನ್ನ ಹೆಸರಿಡುವ ದಿನಕ್ಕೆ ಹ್ಯಾಂಡಿಕ್ಯಾಮ್ ಕೊಳ್ಳಬೇಕು ಅಂತ ನಿಮ್ಮ ಅಜ್ಜ ಹಟ ಹಿಡಿದರು. ಬಾಂದ್ರಾದ ಆಫೀಸಿನಲ್ಲಿ ನಕ್ಷೆ ಬರೆಯುವ ಕೆಲಸ ಅವರದು. ಅಳತೆ ಇಲ್ಲದೆ ಒಂದು ಗೆರೆಯನ್ನೂ ಎಳೆಯದ ಮನುಷ್ಯ, ಕ್ಯಾಮೆರಾವನ್ನು ಹಾಗೇ ಕೊಳ್ಳುತ್ತಾರೆಯೇ? ಎರಡು ತಿಂಗಳು ಅಂಗಡಿ ಅಂಗಡಿ ತಿರುಗಿ ಬಣ್ಣದ ಕಾಗದಗಳನ್ನು ತಂದರು. ಊಟಕ್ಕೆ ಕೂತರೆ ತಟ್ಟೆಯ ಪಕ್ಕದಲ್ಲಿ ಅವೇ. ಟೇಪಿನದೋ, ಡಿಸ್ಕಿನದೋ. ಝೂಮ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು. ಮುಖ್ಯವಾಗಿ ಅವರಿಗೆ ಬೇಕಾದದ್ದು ಒಂದೇ ಯಂತ್ರದಲ್ಲಿ ಎರಡೂ: ವಿಡಿಯೋನೂ ತೆಗೆಯಬೇಕು, ಫೋಟೋನೂ ತೆಗೆಯಬೇಕು. ದಹಿಸರಿನಲ್ಲಿ ಹೋಟೆಲ್ ಇಟ್ಟಿದ್ದ ಅವರ ಉಡುಪಿ ಕಡೆಯ ಗೆಳೆಯ ಶೆಟ್ಟರ ಹತ್ತಿರ ಒಂದು ಇತ್ತು. ಕೇಳಲು ಹೋದಾಗ ನಾನೂ ಜೊತೆಗಿದ್ದೆ.

"ಎಂಥ ಹೇಳುದು ಮಾರಾಯ್ರೆ! ನಂದು ಡಿಸ್ಕಿಂದು. ಮಗಳ ಮದುವೆಯಲ್ಲಿ ಬಂದವರು ಬೆಳಗ್ಗೆ ತಿಂಡಿಗೆ ಕೂತದ್ದೆಲ್ಲ ಬಂದಿದೆ, ಧಾರೆ ಎರೆಯುವಾಗ ಡಿಸ್ಕು ಫುಲ್! ಹೆಂಡತಿ ಈಗಲೂ ಬಯ್ಯುತ್ತಾಳೆ. ನೀವು ಸುಮ್ನೆ ಟೇಪಿಂದು ತಗೊಳ್ಳಿ" ಅಂದರು ಶೆಟ್ಟರು.

ಹಾಗೆ ಡಿಸ್ಕು ಹೋಯಿತು. ಕೊನೆಗೆ ಎರಡು ಉಳಿದವು. ಒಂದು ಶನಿವಾರ ಸಂಜೆ ಘಾಟ್ಕೋಪರ್ ಸ್ಟೇಷನ್ನಿನ ಹತ್ತಿರದ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ನಾನು ಬೇಡವೆಂದೆ. "ದಿನಾ ಮನ್ಯಾಗ ಇರಾಕಿ ನೀನು. ನೀನೂ ಹಿಡಿದು ನೋಡಬೇಕು" ಅಂದರು. ಅಂಗಡಿಯ ಕಚ್ಛೀ ಭಾಯಿ ಎರಡನ್ನೂ ಗಾಜಿನ ಮೇಲೆ ಇಟ್ಟು ತೋರಿಸಿದ. ಒಂದರಲ್ಲಿ ಫೋಟೋ ಬಹಳ ಚೆನ್ನಾಗಿ ಬರುತ್ತದೆ, ಫ್ಲ್ಯಾಶ್ ಇದೆ, ವಿಡಿಯೋ ಸುಮಾರು. ಇನ್ನೊಂದರಲ್ಲಿ ವಿಡಿಯೋ ಬಹಳ ಚೆನ್ನ, ಕಡಿಮೆ ಬೆಳಕಿನಲ್ಲೂ ಬರುತ್ತದೆ, ಫೋಟೋ ಸುಮಾರು, ಫ್ಲ್ಯಾಶ್ ಇಲ್ಲ. ಅಷ್ಟು ಹೇಳಿದರೆ ನಿಮ್ಮ ಅಜ್ಜ ಬಿಡುವವರಲ್ಲ. ಕಡಿಮೆ ಬೆಳಕಿನಲ್ಲಿ ಫೋಟೋ ಎಷ್ಟು ಕೆಡುತ್ತದೆ, ಅದನ್ನೂ ತೋರಿಸು ಅಂದರು. ಭಾಯಿ ನಗುತ್ತ ಒಳಗಿನ ಟ್ಯೂಬ್‌ಲೈಟುಗಳನ್ನು ಆರಿಸಿ ಒಂದನ್ನು ಮಾತ್ರ ಉಳಿಸಿದ, ಎರಡನೆಯ ಕ್ಯಾಮೆರಾ ನನ್ನ ಕಡೆ ತಿರುಗಿಸಿದ. ಕಪಾಟಿನ ಮೇಲಿದ್ದ ಟಿವಿಗೆ ಅದರ ತಂತಿ ಜೋಡಿಸಿದ್ದ.

"ಭಾಭೀ, ಇಧರ್ ದೇಖೋ. ಹಿಲನಾ ಮತ್."

ಅಲುಗಾಡಬೇಡ. ಅದೇ ಮಾತು, ಬೇರೆ ಭಾಷೆಯಲ್ಲಿ. ನಾನು ಉಸಿರು ಹಿಡಿದೆ. ಆದರೆ ಕೈ ತಾನಾಗಿ ಎದ್ದು ಮುಖದ ಮುಂದೆ ಬಂತು, ಕ್ಯಾಮೆರಾ ಕಂಡಾಗಲೆಲ್ಲ ಬರುವ ಹಾಗೆ. ಅಷ್ಟರಲ್ಲಿ ಅವನು ಒತ್ತಿಬಿಟ್ಟಿದ್ದ. ಟಿವಿಯ ಮೇಲೆ ಫೋಟೋ ಬಂದು ನಿಂತಿತು. ಹಸಿರು ಸೀರೆಯ ಹೆಂಗಸಿಗೆ ಮುಖವಿರಲಿಲ್ಲ. ಮುಖವಿರಬೇಕಾದಲ್ಲಿ ಬಿಳಿಯ ಮೋಡ, ಹಿಂಜಿದ ಅರಳೆಯ ಹಾಗೆ.

"ಭಾಭೀ ಹಿಲ್ ಗಯೀ. ದೇಖೋ ಸಾಬ್, ಲೈಟ್ ಕಮ್ ಹೋ ಔರ್ ಹಾಥ್ ಹಿಲೇ, ತೋ ಐಸಾ ಆತಾ ಹೈ. ಕೋಯಿ ಬಾತ್ ನಹೀ, ದೂಸರಾ ನಿಕಾಲತೇ ಹೈ" ಅಂದ ಭಾಯಿ. ಬೆಳಕು ಕಡಿಮೆ, ಕೈ ಅಲುಗಾಡಿತು, ಮೋಡ ಬಂತು, ಅಷ್ಟೇ ಅವನ ಲೆಕ್ಕ.

ನಿಮ್ಮ ಅಜ್ಜ ಕನ್ನಡಕ ಸರಿಮಾಡಿಕೊಂಡು ಟಿವಿಯ ಹತ್ತಿರ ಹೋದರು.

"ಏ ಸಾವಂತ್ರಿ, ಇಲ್ನೋಡು. ನಿಮ್ಮವ್ವನ ಫೋಟೋದಾಗ ಐತಲ್ಲ ಜ್ಯೋತಿ, ಥೇಟ್ ಹಂಗ ಬಂದೈತಿ..."

ನಕ್ಷೆಯಲ್ಲಿ ತಪ್ಪು ಗೆರೆ ಕಂಡಾಗ ನಿಲ್ಲುತ್ತಿದ್ದ ಹಾಗೆ ನಿಂತರು. ಟಿವಿಯನ್ನು ನೋಡಿದರು. ನನ್ನ ಕೈಯನ್ನು ನೋಡಿದರು. ಅದು ಇನ್ನೂ ಮುಖದ ಹತ್ತಿರವೇ ಇತ್ತು.

"ನೊಣ ಕುಂತಿತ್ತು ರೀ" ಅಂದೆ.

ನಲವತ್ತು ವರ್ಷದ ಮೇಲೆ ಅಷ್ಟೇ ಬಾಯಿಗೆ ಬಂತು. ಎಲ್ಲಿ, ಯಾವಾಗ, ಯಾರ ಮೇಲೆ ಅಂತ ಅವರು ಕೇಳಲಿಲ್ಲ. ಭಾಯಿಗೆ ನಮ್ಮ ಮಾತು ತಿಳಿಯಲಿಲ್ಲ. ಅವನು ಹೊಸ ಟೇಪು ಹಾಕಿ, ಗುಂಡಿ ತಿರುಗಿಸಿ, "ಅಬ್ ವಿಡಿಯೋ" ಅಂದ. ನಾನು ಕೈ ಇಳಿಸಿ ಕಲ್ಲಿನ ಹಾಗೆ ನಿಂತೆ. ಟಿವಿಯಲ್ಲಿಯೂ ಒಬ್ಬಳು ಕಲ್ಲಿನ ಹಾಗೆ ನಿಂತಳು.

"ಅರೇ ಭಾಭೀ, ಯೇ ಫೋಟೋ ಥೋಡೀ ಹೈ! ಹಿಲೋ, ಹಿಲೋ. ಹಿಲೋಗೇ ನಹೀ ತೋ ಪತಾ ಕೈಸೇ ಚಲೇಗಾ ಮಶೀನ್ ಅಚ್ಛೀ ಹೈ?"

ಅಲುಗಾಡು ಅಂತ ನನಗೆ ಜನ್ಮದಲ್ಲಿ ಹೇಳಿದವನು ಅವನೊಬ್ಬನೇ. ನಾನು ನಿಮ್ಮ ಅಜ್ಜನ ಮುಖ ನೋಡಿದೆ. ಅವರು ತಲೆಯಾಡಿಸಿದರು. ಬಲಗೈ ಎತ್ತಿದೆ, ಮೆಲ್ಲಗೆ, ನೊಣ ಓಡಿಸುವ ಹಾಗೆ. ಟಿವಿಯಲ್ಲಿ ಕೈ ಎದ್ದಿತು. ಮೋಡವಾಗಲಿಲ್ಲ. ಐದು ಬೆರಳೂ ಕಂಡವು, ಬಳೆ ಕಂಡವು, ಕೈ ಸರಿದ ಮೇಲೆ ಹಿಂದಿದ್ದ ಮುಖ ಕಂಡಿತು. ಮತ್ತೆ ಎತ್ತಿದೆ. ಮತ್ತೆ ಮುಖ ಕಂಡಿತು. ಆ ಮುಖ ಯಾರದು ಅಂತ ಒಂದು ಕ್ಷಣ ತಿಳಿಯಲಿಲ್ಲ. ಅದೇ ಮೂಗು, ಅದೇ ಗಲ್ಲ, ದಿನಾ ಗೋಡೆಯ ಮೇಲೆ ನೋಡುವ ಮುಖ. ಆದರೆ ಕಣ್ಣು ತೆರೆದಿತ್ತು. ಅವ್ವನ ತೆರೆದ ಕಣ್ಣು ನನಗೆ ನೆನಪಿಲ್ಲ ಮಕ್ಕಳೇ, ಎಷ್ಟು ಯೋಚಿಸಿದರೂ ನೆನಪಿಗೆ ಬರುವುದು ಫೋಟೋದ ಮುಚ್ಚಿದ ಕಣ್ಣೇ. ಅಲ್ಲಿ ಅದು ತೆರೆದು ನನ್ನನ್ನು ನೋಡುತ್ತಿತ್ತು. ಅದಕ್ಕೇ ಅತ್ತದ್ದು.

ಭಾಯಿ ಗಾಬರಿಯಾಗಿ ಕ್ಯಾಮೆರಾ ನಿಲ್ಲಿಸಿ ನೀರು ತರಿಸಿದ. ನಿಮ್ಮ ಅಜ್ಜ ತಮ್ಮ ಕಾಗದಗಳನ್ನೆಲ್ಲ ಮಡಿಚಿ ಜೇಬಿಗೆ ಹಾಕಿಕೊಂಡರು.

"ನೀ ಹೇಳು. ಯಾವುದು ತಗೊಳ್ಳೂಣು?"

ಮದುವೆಯಾದ ಮೇಲೆ ಸೀರೆ ಬಿಟ್ಟರೆ ಬೇರೇನನ್ನೂ ನಾನು ಆರಿಸಿದವಳಲ್ಲ. ಎರಡು ತಿಂಗಳ ಅವರ ಲೆಕ್ಕಾಚಾರದ ಮುಂದೆ ನನ್ನದೇನು?

"ಅಲಗ್ಯಾಡಿದ್ರ ಕೆಡದಿರೂದು ತಗೊಳ್ಳೂಣ್ರಿ" ಅಂದೆ.

ಅದನ್ನೇ ಕೊಂಡೆವು. ಕಟ್ಟಿಕೊಡುವಾಗ ಭಾಯಿ ಆ ಟೇಪು ತೆಗೆದು ಬೇರೆ ಹೊಸ ಟೇಪು ಹಾಕಲು ಹೋದ. ನಿಮ್ಮ ಅಜ್ಜ ಅವನ ಕೈ ತಡೆದರು. "ನಹೀ ಭಾಯಿ, ವಹೀ ಚಾಹಿಯೇ" ಅಂದರು. ನಿನ್ನ ಪೆನ್‌ಡ್ರೈವಿನಲ್ಲಿ ಇರುವುದು ಅದು, ಈಶಾನಿ.

ಮನೆಗೆ ನಡೆದೇ ಬಂದೆವು. ದಾರಿಯಲ್ಲಿ ಎಲ್ಲವನ್ನೂ ಹೇಳಿದೆ. ಆಯಿ ಕೇಳಿದ್ದು, ಅತ್ತಿ ಬಾಗಿಲಲ್ಲಿ ನಿಂತಿದ್ದು, ನಾನು ಇಲ್ಲ ಅಂದದ್ದು. ಅವರು ಡಬ್ಬವನ್ನು ಎದೆಗೆ ಹಿಡಿದುಕೊಂಡು ನಡೆಯುತ್ತಿದ್ದರು. ಬಿಲ್ಡಿಂಗಿನ ಗೇಟಿನ ಹತ್ತಿರ ನಿಂತು ಕೇಳಿದರು:

"ಅಷ್ಟ ಮಂದಿ ನಿಂತಿದ್ರಲ್ಲ. ನೊಣ ಯಾರಿಗೂ ಕಾಣಲಿಲ್ಲೇನು?"

"ಎಲ್ಲಾರೂ ಕ್ಯಾಮೆರಾ ನೋಡಾಕತ್ತಿದ್ರು ರೀ."

"ಮತ್ತ ನೀ ಓಡಿಸದ ಇನ್ನ್ಯಾರು ಓಡಸಬೇಕಿತ್ತು?" ಅಂದರು.

ಅಷ್ಟೇ. ಮೇಲೆ ಬಂದು ಚಹಾ ಮಾಡು ಅಂದರು. ಆ ಮೇಲೆ ಸಾಯುವವರೆಗೂ ಆ ಮಾತು ಎತ್ತಲಿಲ್ಲ, ಯಾರಿಗೂ ಹೇಳಲೂ ಇಲ್ಲ, ನಿಮ್ಮ ಅಪ್ಪನಿಗೂ ಇಲ್ಲ. ಬಂದವರು ಫೋಟೋಕ್ಕೆ ಕೈಮುಗಿಯುವಾಗ ಮಾತ್ರ ಅವರು ಅಡುಗೆಮನೆಯ ಕಡೆ, ನಾನಿದ್ದಲ್ಲಿಗೆ, ಒಮ್ಮೆ ನೋಡುತ್ತಿದ್ದರು. ಆ ನೋಟ ಒಂದಿತ್ತು ನನಗೆ. ಗುಟ್ಟನ್ನು ಇಬ್ಬರು ಹೊತ್ತರೆ ಅದು ಅರ್ಧ ಭಾರವಾಗುತ್ತದೆ ಅನ್ನುವುದು ಹೌದು. ಅವರು ಹೋಗಿ ಮೂರು ವರ್ಷವಾಯಿತು. ಈಗ ನೀವು ಕಾಲೇಜಿಗೆ, ಶಾಲೆಗೆ, ಅಪ್ಪ ಅಮ್ಮ ಆಫೀಸಿಗೆ ಹೋದ ಮೇಲೆ ಸಂಜೆಯವರೆಗೆ ಮನೆಯಲ್ಲಿ ಇರುವವರು ನಾವಿಬ್ಬರೇ, ನಾನು ಮತ್ತೆ ಗೋಡೆಯ ಮೇಲಿನ ಅವ್ವ. ಕಿಟಕಿಯ ಬಿಸಿಲು ಸೋಫಾದಿಂದ ಫ್ರಿಜ್ಜಿನವರೆಗೆ ನಡೆಯುತ್ತದೆ. ಅದನ್ನು ನೋಡುತ್ತ ಕೂರುತ್ತೇನೆ. ಆ ಅಭ್ಯಾಸ ಹೋಗಿಲ್ಲ.

ಟೇಪಿನಲ್ಲಿ ಬೇರೆಲ್ಲೂ ನೀನು ಯಾಕಿಲ್ಲ ಅಂತಲೂ ಈಶಾನಿ ಕೇಳಿದಳು. ಅಂಗಡಿಯಲ್ಲಿ ಒಮ್ಮೆ ಅಲುಗಾಡಿದೆ ಅಂತ ನಾನು ಬದಲಾಗಿಬಿಡಲಿಲ್ಲ, ಮಗಾ. ಅಜ್ಜ ಕ್ಯಾಮೆರಾ ತೆಗೆದರೆ ಮತ್ತೆ ಅಡುಗೆಮನೆಗೆ ಓಡುತ್ತಿದ್ದೆ. ನಿನ್ನ ಹೆಸರಿಡುವ ದಿನ ತೊಟ್ಟಿಲ ಹತ್ತಿರ ಒಂದು ಕೈ ಬಂದು ನಿನ್ನ ಕುಲಾವಿ ಸರಿಮಾಡಿ ಹೋಗುತ್ತದೆ ನೋಡು, ಅದು ನನ್ನದು. ಹೆಚ್ಚು ನನ್ನಿಂದ ಆಗಲಿಲ್ಲ. ಆದರೆ ಆ ಕ್ಯಾಮೆರಾ ಇನ್ನೂ ನಡೆಯುತ್ತದೆ ಅಂದೆಯಲ್ಲ. ಬರುವ ಭಾನುವಾರ ತಾ. ಕೂರುತ್ತೇನೆ. ಸುಮ್ಮನೆ ಕೂರುವುದಿಲ್ಲ, ಜೋಳದ ರೊಟ್ಟಿ ಬಡಿಯುತ್ತೇನೆ. ಅದರಲ್ಲಿ ಕೈ ನಿಲ್ಲುವುದೇ ಇಲ್ಲ.

ಇನ್ನೊಂದು ಮಾತು. ಬಂದವರು ಆ ಬಿಳಿಯ ಮೋಡಕ್ಕೆ ಕೈಮುಗಿದರೆ ತಡೆಯಬೇಡಿ, ನಗಬೇಡಿ. ಆಯಿ ಅದನ್ನು ನಂಬಿ ಉಂಡಳು, ಬದುಕಿದಳು. ಆದರೆ ನಿಮ್ಮಿಬ್ಬರಿಗೆ ಗೊತ್ತಿರಲಿ: ಅದು ಜ್ಯೋತಿಯಲ್ಲ, ಆರು ವರ್ಷದ ಒಬ್ಬಳು ಹುಡುಗಿ ತನ್ನ ಅವ್ವನ ಕೆನ್ನೆಯ ಮೇಲಿನ ನೊಣ ಓಡಿಸಿದ್ದು. ಆ ಫೋಟೋದ ಹಿಂದಿನ ಹಲಗೆಗೆ ನಾಲ್ಕು ಸಣ್ಣ ಮೊಳೆ ಇವೆ. ಅಜ್ಜನ ಇಕ್ಕಳ ಅವರ ಮೇಜಿನ ಖಾನೆಯಲ್ಲಿದೆ. ಓದಿ ಮುಗಿದ ಮೇಲೆ ಮೊಳೆ ಬಿಚ್ಚಿ, ಈ ಹಾಳೆಗಳನ್ನು ಮಡಿಚದೆ, ಫೋಟೋ ಮತ್ತು ಹಲಗೆಯ ನಡುವೆ ಇಟ್ಟು ಮತ್ತೆ ಮೊಳೆ ಹೊಡೆಯಿರಿ. ಮನೆ ಬದಲಿಸಿದರೂ, ಗೋಡೆ ಬದಲಿಸಿದರೂ, ಫೋಟೋ ಹೋದಲ್ಲಿಗೆ ಇವೂ ಹೋಗಲಿ. ಅಲ್ಲೇ, ಅವ್ವನ ಬೆನ್ನಿಗೆ ಹತ್ತಿಕೊಂಡು ಇರಲಿ. ಜೋಪಾನ ಮಾಡಿ.